ಚಿಕ್ಕ ಮಕ್ಕಳ ಜ್ವರ, ನೆಗಡಿ, ಭೇದಿ: ಮನೆಯಲ್ಲಿ ಮಗುವನ್ನು ಸಂತೈಸುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಸೀಮೆಯ ಮನೆಗಳಲ್ಲಿ ಎಳೆಗೂಸಿನಿಂದ ಹಿಡಿದು ಮೂರು ವರ್ಷದವರೆಗಿನ ಮಕ್ಕಳಿಗೆ ಹುಷಾರು ತಪ್ಪಿದಾಗ ತಂದೆತಾಯಂದಿರೂ ಅಜ್ಜಿಯರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಈ ವಯಸ್ಸಿನ ಕಾಯಿಲೆಗಳಲ್ಲಿ ಬಹುಪಾಲು ವೈರಸ್‌ನಿಂದ ಬಂದು ಕೆಲವು ದಿನಗಳಲ್ಲಿ ತಾವಾಗಿಯೇ ಇಳಿಯುವಂಥವು. ಆದ್ದರಿಂದ ಮನೆಯವರಿಗೆ ಉಳಿಯುವ ಕೆಲಸ ಎರಡು: ಮಗುವಿನ ಸಂಕಟವನ್ನು ಕಡಿಮೆ ಮಾಡುವುದು, ಮತ್ತು ಕಾಯಿಲೆ ಬಿಗಡಾಯಿಸುತ್ತಿದೆಯೇ ಎಂದು ಕಣ್ಣಿಟ್ಟಿರುವುದು. ಇದರಾಚೆಗೆ ಗಾಬರಿಯಿಂದ ಮಾಡುವ ಹೆಚ್ಚಿನ ಉಪಚಾರಗಳಿಂದ ಮಗುವಿಗೆ ತೊಂದರೆಯೇ ಹೆಚ್ಚು.

ಮಗುವಿನ ಮೈ ಬಿಸಿಯಾಗಿದೆ. ಎಷ್ಟಿದ್ದರೆ ಜ್ವರ?

ಹಣೆ ಮುಟ್ಟಿ ನೋಡುವುದು ಸುಳಿವು ಕೊಡುತ್ತದೆ, ಲೆಕ್ಕ ಕೊಡುವುದಿಲ್ಲ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು, ಕಂಕುಳ ಬೆವರನ್ನು ಒರೆಸಿ, ಅದರ ತುದಿಯನ್ನು ಅಲ್ಲಿಟ್ಟು, ಸದ್ದು ಬರುವವರೆಗೆ ಮಗುವಿನ ತೋಳನ್ನು ಮೈಗೆ ಒತ್ತಿ ಹಿಡಿಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರವೆಂದು ತಿಳಿಯಬೇಕು. ಮೂರು ತಿಂಗಳು ತುಂಬದ ಕೂಸಿಗೆ ಇಷ್ಟು ಕಾಣಿಸಿದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಆ ವಯಸ್ಸಿನ ಕೂಸು ಜ್ವರವೇ ಇಲ್ಲದೆ ಮೈ ತಣ್ಣಗಾಗಿ, ಮೊಲೆ ಚೀಪುವುದನ್ನು ಬಿಟ್ಟರೂ ಅಷ್ಟೇ ತುರ್ತು.

ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಗೆಲುವು ಮುಖ್ಯ. 102 ಡಿಗ್ರಿ ಇದ್ದರೂ ನಡುನಡುವೆ ಆಡಿ, ಹಾಲು ಕುಡಿದು, ಮುಖ ನೋಡಿ ನಗುವ ಮಗುವಿನ ಬಗ್ಗೆ ಅಷ್ಟು ಆತಂಕ ಬೇಡ, 100.5 ಇದ್ದು, ಜ್ವರ ಇಳಿದ ಹೊತ್ತಿನಲ್ಲೂ ಜೋತುಬಿದ್ದಂತೆ ಮಲಗಿ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದ ಮಗುವನ್ನು ಕೂಡಲೇ ತೋರಿಸಬೇಕು. ಸಾಮಾನ್ಯ ಸೋಂಕಿನ ಜ್ವರ ನೆತ್ತಿಗೇರಿ ಮಿದುಳಿಗೆ ಹಾನಿ ಮಾಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು? ಜ್ವರ ಮತ್ತೆ ಏರಿದರೆ ಬೇರೆ ಔಷಧ ಸೇರಿಸಬಹುದೇ?

ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಮೈಕೈ ನೋವು, ಕಿರಿಕಿರಿ ತಗ್ಗಲಿ ಎಂಬುದಕ್ಕಾಗಿ. ಜ್ವರವನ್ನು 98ಕ್ಕೆ ತಂದು ನಿಲ್ಲಿಸುವುದಕ್ಕಾಗಿ ಅಲ್ಲ. ಪ್ರಮಾಣ ತೂಕದ ಮೇಲೆ ನಿಂತಿದೆ, ವಯಸ್ಸಿನ ಮೇಲಲ್ಲ: ಪ್ರತಿ ಕಿಲೋಗ್ರಾಂ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆಗಳ ಅಂತರ, 24 ಗಂಟೆಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರು ಹೇಳದೆ ಕೊಡಲೇಬಾರದು.

ಎಡವಟ್ಟಾಗುವುದು ಬಾಟಲಿಯ ವಿಷಯದಲ್ಲಿ. ಒಂದೇ ಔಷಧ ಅಂಗಡಿಯಲ್ಲಿ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ 100 ಮಿಲಿಗ್ರಾಂ ಇರುವುದು ಸಾಮಾನ್ಯ. ಸಿರಪ್ಪಿನ 5 ಮಿ.ಲೀ.ನಲ್ಲಿ ಕೆಲವದರಲ್ಲಿ 120 ಅಥವಾ 125, ಕೆಲವದರಲ್ಲಿ 250 ಮಿಲಿಗ್ರಾಂ ಇರುತ್ತದೆ. 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದರೆ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ., 250ರ ಸಿರಪ್ ಆದರೆ 3 ಮಿ.ಲೀ., 120ರ ಸಿರಪ್ ಆದರೆ ಸುಮಾರು 6 ಮಿ.ಲೀ. ಸಿರಪ್ಪಿಗೆ ಹೇಳಿದ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಏನಾದೀತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಆದ್ದರಿಂದ ಲೇಬಲ್ ಓದಿ, ಅದರೊಂದಿಗೆ ಬಂದ ಡ್ರಾಪರ್ ಅಥವಾ ಅಳತೆಯ ಮುಚ್ಚಳದಿಂದಲೇ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಮೇಲಾದರೂ ಬರೆದಿಡಿ, ಏಕೆಂದರೆ ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿ ಇನ್ನೊಮ್ಮೆ ಕೊಡುವುದು ಕೂಡುಕುಟುಂಬಗಳಲ್ಲಿ ಅಪರೂಪವಲ್ಲ.

ಬೇರೆ ಔಷಧ ಸೇರಿಸುವ ಮಾತಿಗೆ ಬಂದರೆ, ನೀವಾಗಿಯೇ ಸೇರಿಸಬೇಡಿ. ಆಸ್ಪಿರಿನ್ ಮಕ್ಕಳಿಗೆ ಕೂಡದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಮಳೆಗಾಲದಲ್ಲೂ ಅದರ ನಂತರದ ತಿಂಗಳುಗಳಲ್ಲೂ ನಮ್ಮ ಭಾಗದಲ್ಲಿ ಡೆಂಗಿ ಕಾಣಿಸಿಕೊಳ್ಳುವುದರಿಂದ, ಜ್ವರದ ಕಾರಣ ಗೊತ್ತಾಗುವ ಮುನ್ನ ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲದಂಥವುಗಳನ್ನು ಕೊಡುವುದು ರಕ್ತಸ್ರಾವದ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ.

ಜ್ವರವಿದ್ದಾಗ ಸ್ವೆಟರ್, ಕುಲಾವಿ ಹಾಕಬೇಕೇ? ಸ್ನಾನ ಮಾಡಿಸಬಹುದೇ?

ಬೆವರಿದರೆ ಜ್ವರ ಬಿಡುತ್ತದೆಂದು ಮಗುವನ್ನು ಹೊದಿಕೆಯಲ್ಲಿ ಸುತ್ತಿಡುವುದರಿಂದ ಮೈಯ ಬಿಸಿ ಹೊರಹೋಗದೆ ಏರುತ್ತದೆ. ಒಂದು ಪದರ ತೆಳು ಹತ್ತಿ ಬಟ್ಟೆ ಸಾಕು. ಚಳಿಯಿಂದ ನಡುಗುತ್ತಿದ್ದರೆ ಅಷ್ಟು ಹೊತ್ತು ಒಂದು ತೆಳು ಹೊದಿಕೆ ಹಾಕಿ, ನಡುಕ ನಿಂತ ಮೇಲೆ ತೆಗೆಯಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಬಹುದು, ಬೇಗನೆ ಮುಗಿಸುವಂತೆ ಸ್ನಾನ ಮಾಡಿಸಲೂಬಹುದು. ಹಣೆಯ ಮೇಲಿನ ಒದ್ದೆ ಬಟ್ಟೆಯಿಂದ ಮಗುವಿಗೆ ಹಿತವೆನಿಸಿದರೆ ಇರಲಿ, ತಲೆ ಕೊಡವಿದರೆ ಬಿಟ್ಟುಬಿಡಿ. ಐಸ್ ನೀರು, ಸ್ಪಿರಿಟ್ ಇವೆರಡೂ ಬೇಡ.

ಜ್ವರದಲ್ಲಿ ಫಿಟ್ಸ್ ಬಂದರೆ ಏನು ಮಾಡಬೇಕು?

ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದೊಂದಿಗೆ ಒಮ್ಮೆಯಾದರೂ ಫಿಟ್ಸ್ ಬರುತ್ತದೆ. ನೋಡುವವರ ಎದೆ ಒಡೆಯುವಂಥ ದೃಶ್ಯ ಅದು. ಆದರೂ ಬಹುತೇಕ ಮಕ್ಕಳಲ್ಲಿ ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ, ಮಿದುಳಿಗೆ ಪೆಟ್ಟಾಗುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಳಿ ಬಿಗಿಯಾದುದನ್ನು ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧ ಯಾವುದನ್ನೂ ಹಾಕಬೇಡಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಎಲ್ಲರೂ ಹೇಳುವ ಉಪಾಯಗಳು. ಫಿಟ್ಸ್ ತಾನೇ ನಿಲ್ಲುವ ಹೊತ್ತಿಗೆ ಮಾಡಿರುವುದರಿಂದ ಅವಕ್ಕೆ ಹೆಸರು ಬಂದಿದೆ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ಬೇಗ ನಿಂತರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಹುಷಾರಿಲ್ಲದ ಮಗು ಕೆಳಗೆ ಬಿಟ್ಟರೆ ಅಳುತ್ತದೆ, ರಾತ್ರಿಯಿಡೀ ಎತ್ತಿಕೊಂಡೇ ಇರಬೇಕು. ಇದು ಕೆಟ್ಟ ಅಭ್ಯಾಸವಾಗುವುದಿಲ್ಲವೇ?

ಆಗುವುದಿಲ್ಲ. ಎತ್ತಿಕೊಳ್ಳುವುದೇ ಇಲ್ಲಿ ಉಪಚಾರ. ಮೈಗೆ ಮೈ ತಾಗಿದಾಗ ಕೂಸಿನ ಎದೆಬಡಿತವೂ ಉಸಿರೂ ನಿಧಾನವಾಗುವುದನ್ನು, ಚುಚ್ಚುಮದ್ದಿನ ನೋವೂ ಕಡಿಮೆಯಾಗುವುದನ್ನು ವೈದ್ಯರು ಗುರುತಿಸಿದ್ದಾರೆ. ಎದೆಗೆ ಎದೆ ತಾಗುವಂತೆ, ತಲೆ ಭುಜಕ್ಕೆ ಬರುವಂತೆ ನೆಟ್ಟಗೆ ಹಿಡಿದರೆ ಮೂಗು ಕಟ್ಟಿದ ಮಗುವಿಗೆ ಉಸಿರಾಟ ಸಲೀಸಾಗುತ್ತದೆ. ಹೊಟ್ಟೆನೋವಿನಿಂದ ಅಳುವ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ ಮಲಗಿಸಿಕೊಂಡು ಬೆನ್ನು ನೀವಿದರೆ ಹಿತವೆನಿಸುತ್ತದೆ. ಒಂದೇ ರಾಗದ ಜೋಗುಳ, ಕೋಣೆಯಲ್ಲಿ ಮಂದ ಬೆಳಕು, ಬಂದ ನೆಂಟರು ಮಗುವನ್ನು ಕೈಯಿಂದ ಕೈಗೆ ದಾಟಿಸದಂತೆ ನೋಡಿಕೊಳ್ಳುವುದು, ಇಷ್ಟರಿಂದಲೇ ಅರ್ಧ ಅಳು ತಗ್ಗುತ್ತದೆ.

ಒಂದೂವರೆ ವರ್ಷ ದಾಟಿದ ಮಗುವಿಗೆ ಮಾತು ಬಾರದಿದ್ದರೂ ಹೇಳಿದ್ದು ಬಹಳಷ್ಟು ತಿಳಿಯುತ್ತದೆ. 'ಮೂಗು ಕಟ್ಟಿದೆ ಅಲ್ವಾ ಕಂದ, ಈಗ ಎರಡು ತೊಟ್ಟು ನೀರು ಬಿಡ್ತೀನಿ, ತಣ್ಣಗಾಗುತ್ತೆ' ಎಂದು ಮುಂಚಿತವಾಗಿ ಹೇಳಿ ಮಾಡುವುದಕ್ಕೂ ಹಿಂದಿನಿಂದ ಬಂದು ಹಿಡಿದು ಹಾಕುವುದಕ್ಕೂ ಇರುವ ವ್ಯತ್ಯಾಸ ಎರಡನೆಯ ಸಲಕ್ಕೇ ಕಾಣುತ್ತದೆ. ಮೊದಲು ಗೊಂಬೆಯ ಜ್ವರ ನೋಡಿ, ಆಮೇಲೆ ಮಗುವಿನದನ್ನು ನೋಡಿ. ಮೊಬೈಲ್ ತೋರಿಸಿ ಸುಮ್ಮನಿರಿಸುವ ಬಗ್ಗೆ ಕೇಳುವವರಿದ್ದಾರೆ. ಔಷಧ ಕುಡಿಸುವ ಎರಡು ನಿಮಿಷಕ್ಕೆ ಅದು ಮಹಾಪರಾಧವೇನಲ್ಲ, ಆದರೆ ನಿದ್ದೆ ಬೇಕಾದ ಮಗುವಿನ ನಿದ್ದೆಯನ್ನು ಅದು ಕದಿಯುತ್ತದೆ.

ಎರಡು ಎಚ್ಚರಗಳು ಅಗತ್ಯ. ಮಗುವನ್ನು ಎತ್ತಿಕೊಂಡವರಿಗೆ ತೂಕಡಿಕೆ ಬಂದರೆ ಕೂಸನ್ನು ಗಟ್ಟಿಯಾದ ಹಾಸಿಗೆಯ ಮೇಲೆ, ತಲೆದಿಂಬಿಲ್ಲದೆ, ಅಂಗಾತ ಮಲಗಿಸಿ ಬೇರೆಯವರನ್ನು ಎಬ್ಬಿಸಬೇಕು; ಸೋಫಾದಲ್ಲಿ ಎದೆಯ ಮೇಲೆ ಮಲಗಿಸಿಕೊಂಡೇ ನಿದ್ದೆಹೋಗುವುದು ಅಪಾಯ. ಇನ್ನೊಂದು, ಗಂಟೆಗಟ್ಟಲೆ ಅಳುವ ಮಗುವಿನ ಮೇಲೆ ಸಿಟ್ಟು ಉಕ್ಕಿಬರುವುದು ಎಲ್ಲರಿಗೂ ಆಗುವಂಥದ್ದು. ಆಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಹೊರಗೆ ಜಗಲಿಯಲ್ಲಿ ನಿಂತು ನೀರು ಕುಡಿದು ಬನ್ನಿ. ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಊಟ ಮುಟ್ಟುತ್ತಿಲ್ಲ. ಒಳಲೆಯಲ್ಲಿ ಹಾಕಿ ಕುಡಿಸಬಹುದೇ?

ಕಾಯಿಲೆಯ ಎರಡು ಮೂರು ದಿನ ಊಟ ಕಡಿಮೆಯಾಗುವುದು ಸಹಜ, ಹಸಿವು ಮರಳಿದಾಗ ಮಗು ತಾನೇ ಸರಿದೂಗಿಸಿಕೊಳ್ಳುತ್ತದೆ. ಬಿಡಬಾರದ್ದು ದ್ರವ. ಮೊಲೆಹಾಲು ಕುಡಿಯುವ ಕೂಸಿಗೆ ಪದೇ ಪದೇ ಹಾಲೂಡಿಸಿ. ಆರು ತಿಂಗಳೊಳಗೆ ಬೇರೆ ನೀರೂ ಬೇಕಿಲ್ಲ. ದೊಡ್ಡ ಮಗುವಿಗೆ ತೆಳು ರಾಗಿ ಸರಿ, ಅಕ್ಕಿ ಗಂಜಿ, ಮೊಸರನ್ನ, ಬೇಳೆಕಟ್ಟು, ಬಾಳೆಹಣ್ಣು ಇವುಗಳಲ್ಲಿ ಕೇಳಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಮೊಸರು ಶೀತ, ಬಾಳೆಹಣ್ಣು ಕಫ ಎಂಬ ಕಟ್ಟುಪಾಡಿನಿಂದ ಮಗು ತಿನ್ನಲು ಒಪ್ಪಿದ ಒಂದೇ ಒಂದು ಪದಾರ್ಥವನ್ನೂ ತಪ್ಪಿಸುವುದು ನ್ಯಾಯವಲ್ಲ.

ಒಳಲೆಯ ವಿಷಯದಲ್ಲಿ ತಪ್ಪಿರುವುದು ಬಳಸುವ ರೀತಿಯಲ್ಲಿ. ಕಾಲಮೇಲೆ ಅಂಗಾತ ಮಲಗಿಸಿ, ಕೈ ಅದುಮಿ, ಮೂಗು ಹಿಡಿದು, ಅಳುತ್ತಿರುವ ಬಾಯಿಗೆ ಸುರಿದರೆ ಹಾಲಾಗಲಿ ಔಷಧವಾಗಲಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಔಷಧವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ತುಸುತುಸುವೇ ಬಿಡಿ, ನುಂಗಿದ ಮೇಲೆ ಮುಂದಿನದು. ಹಾಲಿನ ಲೋಟಕ್ಕೆಲ್ಲ ಔಷಧ ಬೆರೆಸಿದರೆ ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೇ ಸಿಗುವುದಿಲ್ಲ.

ಮೂಗು ಕಟ್ಟಿದೆ, ಕೆಮ್ಮು ನಿಲ್ಲುತ್ತಿಲ್ಲ. ಕೆಮ್ಮಿನ ಸಿರಪ್ ಕೊಡಲೇ?

ಕೊಡಬೇಡಿ. ಚಿಕ್ಕ ಮಕ್ಕಳ ಕೆಮ್ಮಿಗೆ ಈ ಸಿರಪ್ಪುಗಳಿಂದ ಆಗುವ ಪ್ರಯೋಜನ ಅತ್ಯಲ್ಪ, ಅಪಾಯ ಮಾತ್ರ ನಿಜ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಸಿರಪ್ ಕುಡಿದು ಮಕ್ಕಳು ಸತ್ತ ನಂತರ, 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಬರೆಯಲೂಬಾರದು, ಕೊಡಲೂಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಅವು ಸೂಕ್ತವಲ್ಲ ಎಂದು ಸೂಚಿಸಿತು. ಹೋದ ಸಲದ ಚೀಟಿ ತೋರಿಸಿ ಅಂಗಡಿಯಿಂದ ತರುವ ರೂಢಿ ನಿಲ್ಲಬೇಕು.

ನೆಗಡಿ ಏಳರಿಂದ ಹತ್ತು ದಿನ, ಅದರ ಬಾಲದಂತೆ ಬರುವ ಕೆಮ್ಮು ಎರಡು ಮೂರು ವಾರ ಇರುವುದುಂಟು. ಮಾಡಬಹುದಾದ್ದು ಇಷ್ಟು: ಹಾಲೂಡಿಸುವ ಮತ್ತು ಮಲಗಿಸುವ ಹತ್ತು ನಿಮಿಷ ಮುಂಚೆ ಒಂದೊಂದು ಹೊಳ್ಳೆಗೆ ಎರಡು ತೊಟ್ಟು ಸಲೈನ್ ಡ್ರಾಪ್ಸ್ ಬಿಟ್ಟು, ಸಡಿಲವಾದ ಸಿಂಬಳವನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ವರ್ಷದೊಳಗಿನ ಕೂಸಿನ ನಾಲಿಗೆಗೆ ಜೇನುತುಪ್ಪ ಸವರಲೂಬಾರದು. ಅದರಲ್ಲಿರಬಹುದಾದ ಬಾಟುಲಿಸಂ (ನರಗಳ ಶಕ್ತಿ ಕುಂದಿಸುವ ಕಾಯಿಲೆ) ರೋಗಾಣುವನ್ನು ತಡೆಯುವ ಶಕ್ತಿ ಎಳೆಯ ಕರುಳಿಗಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವ ಪದ್ಧತಿ ನಮ್ಮಲ್ಲಿ ಬಲವಾಗಿದೆ, ಆದರೆ ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ತರುವ ವಸ್ತು. ಅದಿರುವ ಮುಲಾಮುಗಳೂ ಎರಡು ವರ್ಷದೊಳಗಿನವರಿಗೆ ಅಲ್ಲ. ಬರಿಯ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಬೆನ್ನು ನೀವಿದರೆ ಅಜ್ಜಿಯ ಕೈಗುಣ ಉಳಿಯುತ್ತದೆ, ಅಪಾಯ ಉಳಿಯುವುದಿಲ್ಲ.

ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕಿದರೆ ಶೀತ ಹಿಡಿಯುವುದಿಲ್ಲ ಎನ್ನುತ್ತಾರಲ್ಲ?

ಹೊಗೆ ಯಾವುದಾದರೂ ಎಳೆಯ ಶ್ವಾಸಕೋಶವನ್ನು ಕೆರಳಿಸುತ್ತದೆ, ಕೆಮ್ಮಿರುವಾಗ ಇನ್ನೂ ಹೆಚ್ಚು. ತಲೆಯನ್ನು ಒಣ ಟವೆಲಿನಿಂದ ಒರೆಸಿದರೆ ಸಾಕು. ಸೊಳ್ಳೆ ಕಾಯಿಲ್, ಬೀಡಿ ಸಿಗರೇಟಿನ ಹೊಗೆಗೂ ಇದೇ ಮಾತು.

ನೆಗಡಿಯೋ ನ್ಯುಮೋನಿಯಾವೋ ಮನೆಯಲ್ಲಿ ಹೇಗೆ ತಿಳಿಯುವುದು?

ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ. ಅದೇ ದಿನ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ನರಳುವ ಸದ್ದು ಬಂದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಯರಿಗೂ ಈ ಎಣಿಕೆಯನ್ನು ಕಲಿಸಿರುತ್ತಾರೆ. ಅನುಮಾನವಿದ್ದರೆ ಅವರನ್ನು ಕರೆಯಿರಿ.

ವಾಂತಿಭೇದಿಗೆ ಓಆರ್‌ಎಸ್ ಹೇಗೆ ಕೊಡಬೇಕು? ಎಳನೀರು ಸಾಲದೇ?

ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ, ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಿರುವಂತೆ 200 ಮಿ.ಲೀ.ಗೆ ಕರಗಿಸಿ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆಯಾಗುತ್ತದೆ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ನೀರಾಗಿ ಭೇದಿಯಾದಾಗ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡದಕ್ಕೆ 100ರಿಂದ 200 ಮಿ.ಲೀ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ತಾಳ್ಮೆಯ ಕೆಲಸ, ಆದರೆ ಡ್ರಿಪ್ ತಪ್ಪಿಸುವುದು ಈ ಚಮಚವೇ. ಜೊತೆಗೆ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಬೇಕು: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ನಂತರ 20. ಓಆರ್‌ಎಸ್, ಜಿಂಕ್ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಕೂಡದು.

ಮದ್ದೂರಿನ ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇರುವ ನಮಗೆ ಎಳನೀರೇ ಮೊದಲ ನೆನಪು. ಆರು ತಿಂಗಳು ದಾಟಿದ ಮಗುವಿಗೆ ಅದನ್ನು ಹೆಚ್ಚುವರಿ ಪಾನೀಯವಾಗಿ ಕೊಡಬಹುದು. ಆದರೆ ಅದರಲ್ಲಿ ಪೊಟ್ಯಾಷಿಯಂ ಹೆಚ್ಚು, ಭೇದಿಯಲ್ಲಿ ಕಳೆದುಹೋಗುವ ಸೋಡಿಯಂ ಕಡಿಮೆ. ಹಾಗಾಗಿ ಓಆರ್‌ಎಸ್ ಬದಲಿಗೆ ಅದು ನಿಲ್ಲುವುದಿಲ್ಲ. ಉಪ್ಪು ಹಾಕಿದ ಗಂಜಿತಿಳಿ, ತೆಳು ಮಜ್ಜಿಗೆ ಒಳ್ಳೆಯದು. ರಟ್ಟಿನ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳು ಭೇದಿಯನ್ನು ಹೆಚ್ಚಿಸುತ್ತವೆ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರೇಳು ಗಂಟೆ ಮೂತ್ರವಾಗದಿದ್ದರೆ, ಎಳೆಗೂಸಿನ ನೆತ್ತಿ ಒಳಕ್ಕೆ ಇಳಿದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ.

ಹಲ್ಲು ಬರುವಾಗ ಜ್ವರ, ಭೇದಿ ಸಹಜವೇ?

ಅಲ್ಲ. ವಸಡು ನೋವು, ಜೊಲ್ಲು, ಕಿರಿಕಿರಿ ಸಹಜ. ತಣ್ಣಗೆ ಮಾಡಿದ ಶುಭ್ರ ಬಟ್ಟೆ ಕಚ್ಚಲು ಕೊಟ್ಟರೆ ಸಾಕು. 100.4 ದಾಟಿದ ಜ್ವರವನ್ನೂ ನೀರುಭೇದಿಯನ್ನೂ ಹಲ್ಲಿನ ತಲೆಗೆ ಕಟ್ಟಿ ಸುಮ್ಮನಿರಬೇಡಿ.

ಮಗುವಿಗೆ ಅಮ್ಮ ಆಗಿದೆ. ಔಷಧ ಕೊಡಬಾರದು ಎನ್ನುತ್ತಾರೆ ಹಿರಿಯರು.

ಅಮ್ಮ ಎಂದು ಇಂದು ಕರೆಯುವುದು ಬಹುಮಟ್ಟಿಗೆ ಚಿಕನ್‌ಪಾಕ್ಸ್. ಹೊಸ್ತಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಒಗ್ಗರಣೆಯಿಲ್ಲದ ತಂಪು ಊಟ ಇವುಗಳಲ್ಲಿ ದೋಷವಿಲ್ಲ. ಹೊರಗಿನವರನ್ನು ತಡೆಯುವುದಂತೂ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಅಗತ್ಯವೇ. ಆದರೆ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದರಿಂದಾಗಲಿ, ಉಗುರುಬೆಚ್ಚಗಿನ ನೀರಿನ ಸ್ನಾನದಿಂದಾಗಲಿ ಯಾವ ಕೇಡೂ ಇಲ್ಲ. ಆಸ್ಪಿರಿನ್ ಮತ್ತು ಐಬುಪ್ರೊಫೇನ್ ಮಾತ್ರ ಕೂಡದು. ಉಗುರು ಕತ್ತರಿಸಿ, ತುರಿಕೆಗೆ ಕ್ಯಾಲಮೈನ್ ಹಚ್ಚಿ, ಬೇವಿನ ಸೊಪ್ಪಿನಿಂದ ಮೈ ಉಜ್ಜುವ ಬದಲು ಮೆಲ್ಲನೆ ಸವರಿ; ಗುಳ್ಳೆ ಒಡೆದರೆ ಕೀವಾಗುತ್ತದೆ. ಮನೆಯಲ್ಲಿ ಗರ್ಭಿಣಿ ಅಥವಾ ಹಸುಗೂಸು ಇದ್ದರೆ ಅವರ ಬಗ್ಗೆ ವೈದ್ಯರನ್ನು ಬೇಗನೆ ಕೇಳಿ.

ದೃಷ್ಟಿ ತೆಗೆಯುವುದು, ಬಜೆ ತೇಯ್ದು ಕೊಡುವುದು, ಬರೆ ಹಾಕಿಸುವುದು: ಇವುಗಳಲ್ಲಿ ಯಾವುದು ಸರಿ?

ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಾಕಿದರೆ ಅಜ್ಜಿಯ ಮನಸ್ಸಿಗೆ ಸಮಾಧಾನ. ಮೆಣಸಿನಕಾಯಿಯ ಘಾಟು ಮಗುವಿನ ಮೂಗಿಗೆ ಬಾರದಂತೆ ಹೊರಗೆ ಸುಟ್ಟರಾಯಿತು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಎಳೆಗೂಸಿಗೆ ಬೇಡ. ಕಲ್ಲಿನ ಕೊಳೆಯಿಂದ ಸೋಂಕು ತಗಲುತ್ತದೆ, ಜಾಯಿಕಾಯಿ ಹೆಚ್ಚಾದರೆ ವಿಷವಾಗುತ್ತದೆ. ಬರೆ ಹಾಕಿಸುವುದು ಸುಟ್ಟಗಾಯವೇ ಹೊರತು ಚಿಕಿತ್ಸೆಯಲ್ಲ. ಯಾರು ಒತ್ತಾಯಿಸಿದರೂ ಮಗುವನ್ನು ಕೊಡಬೇಡಿ.

ಲಸಿಕೆ ಹಾಕಿಸಿದ ರಾತ್ರಿ ಜ್ವರ ಬಂದರೆ?

ಒಂದೆರಡು ದಿನದ ಜ್ವರ, ಚುಚ್ಚಿದ ಜಾಗದ ಊತ ನಿರೀಕ್ಷಿತ. ಮೂರು ತಿಂಗಳು ತುಂಬದ ಕೂಸಾದರೆ ಮೇಲೆ ಹೇಳಿದಂತೆ ಆಗಲೂ ವೈದ್ಯರನ್ನು ಕೇಳಿ. ಚುಚ್ಚುವಾಗಲೇ ಹಾಲೂಡಿಸುತ್ತಿದ್ದರೆ ಅಳು ಕಡಿಮೆ. ತೊಡೆಗೆ ತಣ್ಣನೆಯ ಒದ್ದೆ ಬಟ್ಟೆ ಇಡಬಹುದು. ಉಜ್ಜುವುದು, ಬಿಸಿ ಶಾಖ ಕೊಡುವುದು ಬೇಡ.

ಆಸ್ಪತ್ರೆಗೆ ಹೊರಡುವುದೇ ಆದರೆ ಏನು ತೆಗೆದುಕೊಂಡು ಹೋಗಬೇಕು?

ಮೇಲೆ ಹೇಳಿದ ಲಕ್ಷಣಗಳ ಜೊತೆಗೆ, ಜ್ವರ ಮೂರು ದಿನ ದಾಟಿದರೆ, ಅಥವಾ ಜ್ವರ ಬಿಟ್ಟ ದಿನವೇ ಮಗು ಮಂಕಾಗಿ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿದರೆ (ಡೆಂಗಿಯ ಅಪಾಯದ ಹೊತ್ತು ಇದೇ) ಹೊರಡಲೇಬೇಕು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಮಕ್ಕಳ ಚಿಕಿತ್ಸೆಗಿರುವ ಸರ್ಕಾರಿ ಆಸರೆಗಳು, ವಾಹನಕ್ಕೆ 108. ತಾಯಿ ಕಾರ್ಡ್, ಕೊಟ್ಟ ಔಷಧಗಳ ಬಾಟಲಿಗಳು, ಕೊನೆಯ ಸಲ ಔಷಧ ಕೊಟ್ಟ ಮತ್ತು ಮಗು ಮೂತ್ರ ಮಾಡಿದ ಹೊತ್ತು ಬರೆದ ಚೀಟಿ, ಎರಡು ಜೊತೆ ಬಟ್ಟೆ, ಕಲಸಿದ ಓಆರ್‌ಎಸ್ ಜೊತೆಗಿರಲಿ. ದಾರಿಯುದ್ದಕ್ಕೂ ಮೊಲೆಹಾಲು ಅಥವಾ ಓಆರ್‌ಎಸ್ ಕೊಡುತ್ತಲೇ ಹೋಗಿ. ಫಿಟ್ಸ್ ಬರುತ್ತಿರುವ, ಎಚ್ಚರವಿಲ್ಲದ ಅಥವಾ ಉಸಿರಿಗೆ ಒದ್ದಾಡುತ್ತಿರುವ ಮಗುವಿಗೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ.